ಮೂವತ್ತೆರಡು ಸೂಚನೆ, ಒಂದು ಮಾತ್ರೆ ಡಬ್ಬಿ

ನನ್ನ ಅಕ್ಕನ ಗಂಡ, ಅಂದರೆ ನಮ್ಮ ಭಾವ, ಬದುಕಿನಲ್ಲಿ ಒಂದೇ ಒಂದು ಸಲ, ನಾಲ್ಕು ದಿನದ ಮಟ್ಟಿಗೆ ಬ್ಯಾಂಕಾಕಿಗೆ ಹೋಗಿಬಂದವರು. ವಿಮಾ ಏಜೆಂಟರಾಗಿದ್ದಾಗ ಹುಲ್ಲಹಳ್ಳಿ ಕಡೆಯ ಕಬ್ಬು ಬೆಳೆಯುವವರಿಗೆಲ್ಲ ಪಾಲಿಸಿ ಮಾಡಿಸಿ ಗುರಿ ದಾಟಿದರು ಅಂತ, ಕಂಪನಿಯವರು ಬೇರೆ ಏಜೆಂಟರ ಗುಂಪಿನ ಜೊತೆ ಇವರನ್ನೂ ವಿಮಾನ ಹತ್ತಿಸಿದ್ದರು. ಏರ್‌ಪೋರ್ಟಿನಿಂದ ಹೋಟೆಲಿಗೆ ಬಸ್ಸು, ಹೋಟೆಲಿನಿಂದ ಭಾಷಣಕ್ಕೆ ಬಸ್ಸು, ಭಾಷಣದಿಂದ ಊಟಕ್ಕೆ ಬಸ್ಸು. ಕೊರಳಲ್ಲಿ ಗುರುತಿನ ಚೀಟಿ, ಮುಂದೆ ಬಾವುಟ ಹಿಡಿದ ಗೈಡು. ಆ ನಾಲ್ಕು ದಿನದಲ್ಲಿ ಅವರು ತಾವಾಗಿ ಒಂದು ರಸ್ತೆಯನ್ನೂ ದಾಟಲಿಲ್ಲ ಎಂದು ಜೊತೆಗೆ ಹೋಗಿದ್ದ ಇನ್ನೊಬ್ಬ ಏಜೆಂಟರೇ ನನಗೆ ಹೇಳಿದ್ದಾರೆ. ಆದರೂ ಅಲ್ಲಿಂದ ಬಂದ ಮೇಲೆ ನಂಜನಗೂಡಿನಲ್ಲಿ ಯಾರೇ ಫಾರಿನ್ ವಿಷಯ ಎತ್ತಲಿ, ಕೊನೆಯ ಮಾತು ಭಾವನವರದೇ ಆಗಬೇಕು. ಮಗನನ್ನು ಓದಿಸಲು ಜರ್ಮನಿಗೆ ಕಳಿಸುತ್ತಿದ್ದ ಪಕ್ಕದ ಮನೆಯವರಿಗೂ ಇವರೇ ಬುದ್ಧಿ ಹೇಳಿದರು. ಜರ್ಮನಿ ಯಾವ ದಿಕ್ಕಿಗಿದೆ ಎಂದು ಕೇಳಿದ್ದರೆ ಸೀಲಿಂಗ್ ನೋಡುತ್ತಿದ್ದರು.

ಇಂಥವರ ಮುಂದಾಳುತನದಲ್ಲಿ ನಾವು ಹನ್ನೊಂದು ಜನ ಶ್ರೀಲಂಕಾಕ್ಕೆ ಹೊರಟೆವು. ನಮ್ಮದು ಬೌದ್ಧರ ಮನೆತನ. ನಾಗಪುರ, ಬೋಧಗಯಾ ನೋಡಿದವರು ನಮ್ಮಲ್ಲಿ ಬೇಕಾದಷ್ಟು ಜನ. ಸಮುದ್ರ ದಾಟಿ ಅನುರಾಧಪುರದ ಬೋಧಿವೃಕ್ಷ ನೋಡಬೇಕು ಎಂಬ ಆಸೆ ಬಹಳ ದಿನದ್ದು. ಭಾವನವರನ್ನು ಬಿಟ್ಟರೆ ಯಾರೂ ದೇಶ ಬಿಟ್ಟು ಹೋದವರಲ್ಲ. ನಾನೂ ಅಷ್ಟೆ. ಟಿ. ನರಸೀಪುರದ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿ ಸವೆದು, ನಿವೃತ್ತಳಾಗಿ ಅದೇ ಊರಲ್ಲಿ ಒಬ್ಬಳೇ ಮನೆ ಮಾಡಿಕೊಂಡಿದ್ದೇನೆ. ಕೆಲಸ ಹೋದರೂ ಕೆಲಸದ ಚಾಳಿ ಹೋಗಿಲ್ಲ. ಒಂದು ಊರಿಗೆ ಹೋಗಬೇಕು ಎಂದರೆ ಆ ಊರಿನ ಆಸ್ಪತ್ರೆ ಎಲ್ಲಿದೆ ಎಂದು ಮೊದಲು ಹುಡುಕುತ್ತೇನೆ. ಭಾವನವರು ಇದಕ್ಕೆ ಅಪಶಕುನ ಎಂದು ಹೆಸರಿಟ್ಟಿದ್ದಾರೆ.

ಹೊರಡುವ ತಿಂಗಳ ಮುಂಚೆ ನಂಜನಗೂಡಿನಲ್ಲಿ ಒಂದು ಭಾನುವಾರ ಸಭೆ ಕರೆದರು. ಗೊತ್ತಿರುವವರ ಅಂಗಡಿಯ ಮೇಲಿನ ಹಾಲ್, ಪ್ಲಾಸ್ಟಿಕ್ ಕುರ್ಚಿ, ಮೈಕು. ಹನ್ನೊಂದು ಜನಕ್ಕೆ ಮೈಕು ಯಾಕೆ ಎಂದು ಯಾರೂ ಕೇಳಲಿಲ್ಲ. ಒಬ್ಬೊಬ್ಬರ ಕೈಗೂ ಒಂದೊಂದು ಹಾಳೆ ಕೊಟ್ಟರು. ‘ವಿದೇಶ ಪ್ರಯಾಣಿಕರಿಗೆ ಮೂವತ್ತೆರಡು ಸೂಚನೆಗಳು’ ಅಂತ ದಪ್ಪಕ್ಷರದಲ್ಲಿ ಡಿಟಿಪಿ ಮಾಡಿಸಿದ್ದರು. ಕೆಳಗೆ ಅವರ ಹೆಸರು, ಹೆಸರಿನ ಮುಂದೆ ‘ವಿದೇಶ ಪ್ರವಾಸ ಅನುಭವಿ’.

ಮೂವತ್ತೆರಡರಲ್ಲಿ ಐದಾರು ಸರಿಯಾದವೂ ಇದ್ದವು, ಇಲ್ಲ ಎನ್ನುವುದಿಲ್ಲ. ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳಾದರೂ ಇರಬೇಕು, ಗೊತ್ತಿಲ್ಲದವರು ಕೊಟ್ಟ ಗಂಟುಮೂಟೆ ಹೊತ್ತುಕೊಂಡು ಹೋಗಬಾರದು, ಅಂಥವು. ಇವು ಯಾರ ಫೋನಲ್ಲಾದರೂ ಸಿಗುವ ಮಾತು. ಉಳಿದದ್ದು ಭಾವನವರ ಸ್ವಂತ ತಲೆ. ಅಧಿಕಾರಿಗಳ ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದಂತೆ. ಬಸ್ಸಲ್ಲಿ ವಾಂತಿ ಬರದ ಹಾಗೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಪ್ರಯಾಣ ಮಾಡಬೇಕಂತೆ. ಅಲ್ಲಿನ ಸಿಮ್ ಕೊಳ್ಳುವುದು ದಂಡವಂತೆ, ಹೋಟೆಲಿನಲ್ಲಿ ವೈಫೈ ಇರುತ್ತದಂತೆ. ಮಾತ್ರೆಗಳನ್ನು ಬೆಳ್ಳಿ ಕಾಗದದ ಪಟ್ಟಿಯಿಂದ ಬಿಡಿಸಿ ಒಂದೇ ಡಬ್ಬಿಗೆ ಹಾಕಿಕೊಂಡರೆ ಲಗೇಜು ಹಗುರವಂತೆ. ಇದನ್ನು ಕೇಳಿ ನಾನು ಕುರ್ಚಿಯಿಂದ ಅರ್ಧ ಎದ್ದೆ. ಮಾತ್ರೆಯನ್ನು ಪಟ್ಟಿಯಲ್ಲೇ ಒಯ್ಯಬೇಕು, ಜೊತೆಗೆ ಡಾಕ್ಟರ ಚೀಟಿ ಇರಬೇಕು, ಅದೂ ಕೈಚೀಲದಲ್ಲಿ, ದೊಡ್ಡ ಪೆಟ್ಟಿಗೆಯಲ್ಲಲ್ಲ ಎಂದೆ. ಅವರು ಮೈಕು ಕೆಳಗಿಳಿಸದೆಯೇ, ನರ್ಸಮ್ಮನವರು ಆಮೇಲೆ ಮಾತಾಡುತ್ತಾರೆ ಎಂದರು. ನಾಲ್ಕು ಜನ ನಕ್ಕರು. ಆ ಆಮೇಲೆ ಬರಲೇ ಇಲ್ಲ.

ಕೊನೆಯ ಸೂಚನೆ ಪಾಸ್‌ಪೋರ್ಟಿನದು.

“ಎಲ್ಲರ ಪಾಸ್‌ಪೋರ್ಟೂ ನನ್ ಕೈಲೇ ಇರ್ತದೆ. ನೀವು ಎಲ್ಲಾದ್ರೂ ಬೀಳಿಸ್ಕಂಡ್ರೆ ಅಲ್ಲೇ ಕೂತಿರ್ಬೇಕಾಯ್ತದೆ,” ಎಂದರು.

“ನಂದು ನನ್ನತ್ರಾನೇ ಇರ್ಲಿ ಬುಡಿ ಭಾವ,” ಎಂದೆ. “ಅದಿರ್ಲಿ, ಪ್ರಯಾಣದ ಇನ್ಶೂರೆನ್ಸ್ ಮಾಡಿಸಿದ್ದೀರಾ ಎಲ್ರಿಗೂ?”

“ಐದ್ ದಿನದಲ್ಲಿ ಏನಾಯ್ತದಮ್ಮ? ಅದೆಲ್ಲ ಏಜೆಂಟ್ರು ಹೆದರಿಸಿ ಮಾರೋದು.”

ಜೀವಮಾನವಿಡೀ ಹೆದರಿಸಿಯೇ ಮಾರಿದ ಮನುಷ್ಯ ಈ ಮಾತನ್ನು ಮುಖ ಅಲುಗಿಸದೆ ಹೇಳಿದರು. ಅಕ್ಕ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಅವಳು ನಂಜನಗೂಡಿನಲ್ಲಿ ಹೆಂಗಸರ ಬಟ್ಟೆ ಹೊಲಿಯುತ್ತಾಳೆ. ಆ ಪ್ರವಾಸಕ್ಕೆಂದು ನಮ್ಮೆಲ್ಲರ ಬಿಳಿ ರವಿಕೆಗೂ ಒಳಗಡೆ ಒಂದೊಂದು ಜೇಬು ಹೊಲಿದು, ಮೇಲೆ ಗುಂಡಿಯನ್ನೂ ಇಟ್ಟಿದ್ದಳು. ಪಾಸ್‌ಪೋರ್ಟು ಸರಿಯಾಗಿ ಹಿಡಿಸುವ ಅಳತೆ. ಅವಳಿಗೆ ಯಾರೂ ಹಾಳೆ ಕೊಟ್ಟು ಹೇಳಿರಲಿಲ್ಲ. ಭಾವನವರು ಅದನ್ನು ನೋಡಿ, ಇವಳೊಬ್ಬಳು, ಸಂತೆಗೆ ಹೋಗುವ ಅಜ್ಜಿಯ ಥರ ಎಂದು ಆಡಿಕೊಂಡರು.

ನಮ್ಮ ಪೈಕಿ ಹಿರಿಯರು ಹೆಮ್ಮಿಗೆಯ ಚಿಕ್ಕವ್ವ. ನಮ್ಮವ್ವನ ಕೊನೆಯ ತಂಗಿ. ಎಪ್ಪತ್ತು ದಾಟಿದೆ. ಇವತ್ತಿಗೂ ನಾಟಿಯ ಕಾಲದಲ್ಲಿ ಗದ್ದೆಯ ಬದುವಿನ ಮೇಲೆ ನಿಂತು ಆಳುಗಳನ್ನು ಬೈಯುವಷ್ಟು ದನಿ ಇದೆ. ಸಕ್ಕರೆ ಕಾಯಿಲೆ, ಬಿಪಿ ಎರಡೂ ಇವೆ. ನಾಗಪುರಕ್ಕೆ ರೈಲಿನಲ್ಲಿ ಮೂರು ಸಲ ಹೋಗಿಬಂದಿದ್ದರು. ಅದೇ ದೂರದ ಊರು.

ಅವರ ಪಾಸ್‌ಪೋರ್ಟಿನ ಕೆಲಸ ನಾನೇ ಮಾಡಿಸಿದೆ. ಆಧಾರ್ ಕಾರ್ಡಿನಲ್ಲಿ ಒಂದು ಹೆಸರು, ಪಹಣಿಯಲ್ಲಿ ಇನ್ನೊಂದು, ರೇಷನ್ ಕಾರ್ಡಿನಲ್ಲಿ ಗಂಡನ ಹೆಸರೇ ಅವರ ಹೆಸರಿಗೆ ಅಂಟಿಕೊಂಡಿತ್ತು. ಕಾಗುಣಿತ ಹೇಗಿದ್ದರೇನು, ಫಾರಿನ್ನಿನವರಿಗೆ ನಮ್ಮ ಹೆಸರು ಓದಲು ಬರುತ್ತದೆಯೇ ಎಂದು ಭಾವನವರು ಫೋನಿನಲ್ಲಿ ನಕ್ಕರು. ನಾನು ಮೊದಲು ಆಧಾರ್ ತಿದ್ದಿಸಿ, ಆಮೇಲೆ ಅರ್ಜಿ ಹಾಕಿಸಿ, ಪೊಲೀಸ್ ಪೇದೆ ಹೆಮ್ಮಿಗೆಗೆ ವಿಚಾರಣೆಗೆ ಬಂದ ದಿನವೂ ಅಲ್ಲೇ ಕೂತಿದ್ದೆ. ಟಿಕೆಟ್ ಮಾಡಿಸುವಾಗ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಅಕ್ಷರ ಅಕ್ಷರ ನೋಡಿ ಬರೆಸಿದೆ. ಭಾವನವರು ಇಬ್ಬರಿಗೆ ಮನೆಯಲ್ಲಿ ಕರೆಯುವ ಹೆಸರಿನಲ್ಲೇ ಟಿಕೆಟ್ ಮಾಡಿಸಿದ್ದರು. ಅದನ್ನು ಸರಿ ಮಾಡಿಸಲು ಏಜೆನ್ಸಿಗೆ ನಾಲ್ಕು ಸಲ ಓಡಾಡಿದರು. ಓಡಾಡಿದ್ದನ್ನೂ ಒಂದು ಅನುಭವ ಎಂದೇ ಎಲ್ಲರಿಗೂ ಹೇಳಿದರು.

ಹೊರಡುವ ಎರಡು ದಿನ ಮುಂಚೆ ಹೆಮ್ಮಿಗೆಗೆ ಹೋಗಿ ಚಿಕ್ಕವ್ವನ ಚೀಲ ಕಟ್ಟಿದೆ. ಅವರು ಗೋಡೆಗೆ ಒರಗಿ ಕೂತು ನೋಡುತ್ತಿದ್ದರು.

“ಅಲ್ಲೂ ನಮ್ಮಂಗೇ ಅನ್ನ ಉಣ್ತಾರಂತಲ್ಲವ್ವ. ಮತ್ಯಾಕೆ ಐವತ್ ಚಪಾತಿ ಬಡ್ಕಂಡು ಬನ್ನಿ ಅಂತಾನೆ ನಿನ್ ಭಾವ?” ಎಂದು ಕೇಳಿದರು.

ನನಗೆ ಗೊತ್ತಿಲ್ಲ ಎಂದೆ. ಚಪಾತಿ ಬೇಡ ಎಂದೂ ಹೇಳಿದೆ. ಮಾತ್ರೆಗಳ ಪಟ್ಟಿಗೆ ಒಂದೊಂದಾಗಿ ಗುರುತು ಹಾಕಿದೆ. ಬೆಳಿಗ್ಗೆ ತಿಂಡಿಯ ಜೊತೆ ನುಂಗುವ ಸಕ್ಕರೆಯ ಮಾತ್ರೆಗೆ ಪೆನ್ನಿನಲ್ಲಿ ಸೂರ್ಯ, ರಾತ್ರಿಯ ಬಿಪಿ ಮಾತ್ರೆಗೆ ಚಂದ್ರ. ಎರಡೂ ಬಿಳಿ, ಎರಡೂ ಸಣ್ಣ, ಪಟ್ಟಿಯಿಂದ ಹೊರಗೆ ಬಂದರೆ ನನಗೇ ಗುರುತು ಸಿಗುವುದಿಲ್ಲ. ನಮ್ಮ ಆಸ್ಪತ್ರೆಯ ಡಾಕ್ಟರಿಂದ ಇಂಗ್ಲಿಷಿನಲ್ಲಿ ಬರೆಸಿದ್ದ ಚೀಟಿಯ ಒಂದು ಪ್ರತಿ ಅವರ ಚೀಲಕ್ಕೆ, ಇನ್ನೊಂದು ನನ್ನ ಚೀಲಕ್ಕೆ. ಅವರ ಪಾಸ್‌ಪೋರ್ಟಿನ, ವೀಸಾದ ನಕಲೂ ನನ್ನ ಹತ್ತಿರ ಒಂದೊಂದು. ತಿಂಡಿ ತಿನ್ನದೆ ಸೂರ್ಯನ ಮಾತ್ರೆ ಮುಟ್ಟಬಾರದು ಎಂದು ಮೂರು ಸಲ ಹೇಳಿದೆ. ಗೊತ್ತು ಕಣವ್ವ, ನಾನೇನು ಎಳೆಕೂಸಾ ಎಂದರು.

ಈಗ ನನ್ನ ತಪ್ಪು ಹೇಳಬೇಕು. ಹೊರಡುವ ದಿನ ನಂಜನಗೂಡಿನಲ್ಲಿ ಭಾವನವರ ಮನೆಯ ಮುಂದೆ ಟೆಂಪೊ ಟ್ರಾವೆಲರ್ ನಿಂತಿತ್ತು. ಭಾವನವರು ಕೊಕ್ಕೆ ತಕ್ಕಡಿ ಹಿಡಿದು ಒಂದೊಂದೇ ಚೀಲ ತೂಗುತ್ತಾ, ಬಿಚ್ಚಿ ನೋಡುತ್ತಾ ಇದ್ದರು. ನನ್ನ ಚೀಲ ಮುಟ್ಟಲು ನಾನು ಬಿಡಲಿಲ್ಲ. ಅದಕ್ಕೆ ಎಲ್ಲರ ಮುಂದೆ, ಈವಮ್ಮನಿಗೆ ನನ್ನ ಮೇಲೆ ನಂಬಿಕೆ ಇಲ್ಲ, ಯಾರ ಮೇಲೂ ಇಲ್ಲ, ಅದಕ್ಕೇ ಒಂಟಿಯಾಗಿ ಉಳಿದಳು ಎಂದರು. ನಾನು ಹೋಗಿ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು ಕಿಟಕಿಯ ಗಾಜು ಏರಿಸಿಕೊಂಡೆ. ಹಿಂದೆ ಅವರ ದನಿ ಕೇಳಿಸುತ್ತಿತ್ತು. “ಇದ್ಯಾಕ್ ಚಿಕ್ಕತ್ತೆ ಇಷ್ಟೊಂದು ಪೊಟ್ಟಣ?” ಎಂದದ್ದೂ ಕೇಳಿಸಿತು. ನಾನು ತಿರುಗಿ ನೋಡಲಿಲ್ಲ. ಅವರ ಮುಖ ನೋಡುವುದಕ್ಕೇ ಅಸಹ್ಯವಾಗಿತ್ತು. ಅವರನ್ನು ತಿರಸ್ಕಾರ ಮಾಡುವುದರಲ್ಲಿ ನಾನು ಅಷ್ಟು ಮುಳುಗಿದ್ದೆ.

ಬೆಂಗಳೂರು ಏರ್‌ಪೋರ್ಟಿನಲ್ಲಿ ಭಾವನವರ ಅನುಭವ ಎಲ್ಲರಿಗೂ ಕಾಣಿಸಿತು. ಕೈಚೀಲದಲ್ಲಿ ನೀರು, ಎಣ್ಣೆ, ಯಾವ ದ್ರವವೂ ಇರಕೂಡದು ಎಂದು ಅವರೇ ಒಂಬತ್ತನೆಯ ಸೂಚನೆಯಲ್ಲಿ ಬರೆದಿದ್ದರು. ಅವರ ಕೈಚೀಲದಲ್ಲೇ ಮಾವಿನ ಉಪ್ಪಿನಕಾಯಿಯ ದೊಡ್ಡ ಬಾಟಲು. ಎಣ್ಣೆ ಅದರಲ್ಲಿ ಮೂರು ಬೆರಳು ನಿಂತಿತ್ತು. ತಪಾಸಣೆಯ ಹೆಣ್ಣುಮಗಳು ತೆಗೆದು ಪಕ್ಕಕ್ಕಿಟ್ಟಳು. ಉಪ್ಪಿನಕಾಯಿ ದ್ರವ ಅಲ್ಲ, ಆಹಾರ ಎಂದು ಇವರು ಇಂಗ್ಲಿಷಿನಲ್ಲಿ ವಾದಕ್ಕೆ ನಿಂತರು. ಹಿಂದೆ ಸಾಲು ಬೆಳೆಯಿತು. ಆಕೆ ಮುಂದಿನವರ ಟ್ರೇ ಎಳೆದುಕೊಂಡಳು. ಪಾಸ್‌ಪೋರ್ಟಿಗೆ ಮುದ್ರೆ ಒತ್ತುವಲ್ಲಿ, ಟೂರಿಸಂ ಎಂಬ ಒಂದು ಪದ ಬಿಟ್ಟು ಬೇರೆ ಏನೂ ಹೇಳಬೇಡಿ ಎಂದು ನಮಗೆಲ್ಲ ಗಿಣಿಪಾಠ ಮಾಡಿಸಿದ್ದರು. ಚಿಕ್ಕವ್ವ ಆ ಅಧಿಕಾರಿಯ ಮುಖವನ್ನು ನೇರವಾಗಿ ನೋಡಿ, “ಬುದ್ಧನ ಮರ ನೋಡಕ್ಕೆ ಓಯ್ತಾವಿ ಸಾ,” ಎಂದರು. ಆತನಿಗೆ ಕನ್ನಡ ಬರುತ್ತಿತ್ತು. ಹೋಗಿ ಬನ್ನಿ ಅಜ್ಜಿ ಎಂದು ಮುದ್ರೆ ಒತ್ತಿದ. ಮುಂದಾಳು ಭಾವನವರು ಕಣ್ಣು ತಪ್ಪಿಸಿ ತಪ್ಪಿಸಿ ನೆಲ ನೋಡಿದ್ದರಿಂದಲೋ ಏನೋ, ಅವರನ್ನು ಮಾತ್ರ ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳಿದರು.

ಕೊಲಂಬೊದಲ್ಲಿ ಇಳಿದ ತಕ್ಷಣ ಎದುರಿಗಿದ್ದ ಕೌಂಟರಿನಲ್ಲಿ ನಾನು ಒಂದು ಸಿಮ್ ತೆಗೆದುಕೊಂಡೆ. ದಂಡ ಎಂದರು ಭಾವನವರು. ಆಗಲಿ ಎಂದೆ. ಅನುರಾಧಪುರದ ಹೋಟೆಲಿಗೆ ಹೋದ ಮೇಲೆ ಅಲ್ಲಿನ ವಿಳಾಸದ ಕಾರ್ಡು ಎರಡು ಈಸಿಕೊಂಡು ಒಂದನ್ನು ಅಕ್ಕನಿಗೆ ಕೊಟ್ಟೆ. ಒಂದು ಬದಿಯಲ್ಲಿ ಇಂಗ್ಲಿಷು, ಇನ್ನೊಂದು ಬದಿಯಲ್ಲಿ ಸಿಂಹಳ. ಸಿಂಹಳದ ಅಕ್ಷರ ನಮ್ಮ ಕನ್ನಡದ ಹಾಗೇ ದುಂಡಗೆ ಇದ್ದು, ಓದಬಹುದು ಅನ್ನಿಸಿ ಮೋಸ ಮಾಡುತ್ತದೆ. ಕಾರ್ಡಿನ ಪ್ರಯೋಜನ ಅಲ್ಲೇ. ನಮಗೆ ಓದಲು ಬಾರದಿದ್ದರೂ ಅಲ್ಲಿನ ಆಟೊದವನಿಗೆ ಬರುತ್ತದೆ.

ಮರುದಿನ ಬೆಳಿಗ್ಗೆ ಬೇಗ ಹೊರಟೆವು. ಎಲ್ಲರೂ ಬಿಳಿ ಬಟ್ಟೆ. ಖಾಲಿ ಹೊಟ್ಟೆ. ಮೊದಲು ಮಹಾಸ್ತೂಪ, ಆಮೇಲೆ ಮರ, ಆಮೇಲೆ ತಿಂಡಿ ಎಂದು ಭಾವನವರ ಅಪ್ಪಣೆ. ಚಿಕ್ಕವ್ವನಿಗೆ ನಾನು ಎರಡು ಬಿಸ್ಕತ್ತು ಕೊಟ್ಟೆ, ವ್ಯಾನಿನಲ್ಲಿ ತಿನ್ನುತ್ತೇನೆ ಎಂದು ಸೆರಗಿಗೆ ಕಟ್ಟಿಕೊಂಡರು. ಮಾತ್ರೆ ನುಂಗಿದಿರಾ ಎಂದು ಕೇಳಲಿಲ್ಲ. ತಿಂಡಿ ಆಗಿಲ್ಲವಲ್ಲ, ನುಂಗಿರುವುದಿಲ್ಲ ಎಂದುಕೊಂಡೆ.

ಸ್ತೂಪದ ಅಂಗಳದಲ್ಲಿ ಚಪ್ಪಲಿ, ಟೋಪಿ ಎರಡೂ ಇಲ್ಲ. ಬಿಸಿಲು ಬೇಗ ಏರಿತು. ಬುದ್ಧನ ವಿಗ್ರಹಕ್ಕೆ ಬೆನ್ನು ಮಾಡಿ ಫೋಟೊ ತೆಗೆಸಿಕೊಳ್ಳುವುದು ಅಲ್ಲಿ ಅಪಚಾರ. ನಮ್ಮ ಮುಂದಾಳು ಮೊದಲು ಮಾಡಿದ್ದೇ ಅದು. ಕಾವಲಿನವನು ಬಂದು ಸಮಾಧಾನದಿಂದಲೇ ತಿರುಗಿಸಿ ನಿಲ್ಲಿಸಿದ. ಸ್ವಲ್ಪ ಹೊತ್ತಿಗೆ ಭಾವನವರೂ ಉಳಿದ ಗಂಡಸರೂ ಯಾವುದೋ ಮರಗೆತ್ತನೆಯ ಅಂಗಡಿ ನೋಡಿ ಅರ್ಧ ಗಂಟೆಯಲ್ಲಿ ಬರುತ್ತೇವೆ ಎಂದು ವ್ಯಾನು ತೆಗೆದುಕೊಂಡು ಹೋದರು. ಹೆಂಗಸರು ನೆರಳಲ್ಲಿ ಕೂತೆವು.

ಒಂದು ಗಂಟೆಯಾಯಿತು. ಅವರು ಬರಲಿಲ್ಲ. ಚಿಕ್ಕವ್ವ ಮಾತಾಡುವುದನ್ನು ನಿಲ್ಲಿಸಿದ್ದರು. ಅವರು ಸುಮ್ಮನೆ ಕೂರುವ ಜನ ಅಲ್ಲ. ತಿರುಗಿ ನೋಡಿದೆ. ಹಣೆಯ ತುಂಬಾ ಬೆವರು, ಕೈ ಮುಟ್ಟಿದರೆ ತಣ್ಣಗೆ. ಏನಾಯಿತು ಎಂದರೆ, ಎಮ್ಮೆ ಬಿಟ್ಟವ್ರೆ ಗದ್ದೆಗೆ, ಓಡ್ಸವ್ವ ಎಂದು ತೊದಲಿದರು. ಬಿಸ್ಕತ್ತು ಇನ್ನೂ ಸೆರಗಿನಲ್ಲೇ ಇತ್ತು.

ಈ ಮುಖವನ್ನು ನಾನು ಆಸ್ಪತ್ರೆಯಲ್ಲಿ ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ಸಕ್ಕರೆ ಇಳಿದುಹೋಗಿದೆ. ನನ್ನ ಚೀಲದಲ್ಲಿ ಗ್ಲೂಕೋಸ್ ಪೊಟ್ಟಣ ಇತ್ತು. ನುಂಗುತ್ತಾರೆ ಎಂದು ಖಾತ್ರಿ ಮಾಡಿಕೊಂಡು, ನೀರಿಗೆ ಕದಡಿ ಒಂದೊಂದೇ ಗುಟುಕು ಕುಡಿಸಿದೆ. ಅಕ್ಕ ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಅವರ ಚೀಲ ತೆರೆದು ನೋಡಿದೆ. ಸೂರ್ಯ ಇಲ್ಲ, ಚಂದ್ರ ಇಲ್ಲ, ಚೀಟಿ ಇಲ್ಲ. ಒಂದು ಪ್ಲಾಸ್ಟಿಕ್ ಡಬ್ಬಿ. ಅದರಲ್ಲಿ ಬಿಳಿ ಮಾತ್ರೆಗಳು ಅವಲಕ್ಕಿಯ ಹಾಗೆ ಕಲೆತು ಬಿದ್ದಿದ್ದವು.

ಅಕ್ಕ ಆಗ ಹೇಳಿದಳು. ಚಿಕ್ಕವ್ವ ಬೆಳಿಗ್ಗೆ ಡಬ್ಬಿ ಹಿಡಿದುಕೊಂಡು ಬಂದು ಯಾವುದು ನುಂಗಲಿ ಎಂದು ಕೇಳಿದ್ದರಂತೆ. ನಾನು ಸ್ನಾನಕ್ಕೆ ಹೋಗಿದ್ದೆ. ಭಾವನವರು, ಬಿಳಿದು ಎರಡು ನುಂಗಿ ಚಿಕ್ಕತ್ತೆ, ಏನೂ ಆಗಲ್ಲ ಎಂದರಂತೆ.

ಗ್ಲೂಕೋಸಿಗೆ ಸ್ವಲ್ಪ ಸುಧಾರಿಸಿದರು. ನನಗೆ ಧೈರ್ಯ ಬರಲಿಲ್ಲ. ಆ ಮಾತ್ರೆಯ ಕೆಲಸ ಒಂದು ಲೋಟ ಸಿಹಿನೀರಿಗೆ ಮುಗಿಯುವುದಲ್ಲ, ಏರಿಸಿದರೂ ಮತ್ತೆ ಮತ್ತೆ ಇಳಿಸುತ್ತದೆ. ಆಸ್ಪತ್ರೆಯಲ್ಲೇ ಇರಿಸಿ ನೋಡಿಕೊಳ್ಳಬೇಕು. ಭಾವನವರಿಗೆ ಫೋನ್ ಮಾಡಿದೆ. ವೈಫೈ ಇದ್ದಲ್ಲಿ ಮಾತ್ರ ಬದುಕುವ ಫೋನು ಅದು, ಹೋಗಲಿಲ್ಲ. ಹೋಟೆಲಿನ ಕಾರ್ಡು ತೆಗೆದು ಅಲ್ಲಿಗೆ ಮಾಡಿದೆ. ಮ್ಯಾನೇಜರು ಎರಡು ಮಾತಿನಲ್ಲಿ ಅರ್ಥ ಮಾಡಿಕೊಂಡರು. ಆಂಬುಲೆನ್ಸಿಗೂ ಅವರೇ ಹೇಳಿದರು, ವ್ಯಾನಿನ ಡ್ರೈವರಿಗೂ ಅವರೇ ಫೋನ್ ಮಾಡುತ್ತೇನೆ ಎಂದರು. ಹೂವು ಮಾರುತ್ತಿದ್ದ ಹೆಂಗಸೊಬ್ಬಳು ತನ್ನ ಕೊಡೆ ತಂದು ಚಿಕ್ಕವ್ವನ ಮುಖಕ್ಕೆ ನೆರಳು ಹಿಡಿದು ನಿಂತಳು. ಆಂಬುಲೆನ್ಸ್ ಬರುವವರೆಗೂ ಕೈ ಇಳಿಸಲಿಲ್ಲ.

ಆಸ್ಪತ್ರೆಯಲ್ಲಿ ನನ್ನದೇ ವಯಸ್ಸಿನ ನರ್ಸ್. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಮಟ್ಟದ್ದು, ಆದ್ದರಿಂದ ತೊಂದರೆಯಾಗಲಿಲ್ಲ. ಬೆರಳು ಚುಚ್ಚಿ ನೋಡಿದರು, ಡ್ರಿಪ್ ಹಾಕಿದರು. ಯಾವ ಮಾತ್ರೆ, ಎಷ್ಟು ಎಂದು ಕೇಳಿದರು. ಡಬ್ಬಿ ತೋರಿಸಿದೆ. ಅವರು ಡಬ್ಬಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಆ ನೋಟ ನನಗೆ ಗೊತ್ತು. ನರಸೀಪುರದಲ್ಲಿ ಇಂಥ ಡಬ್ಬಿ, ಇಂಥ ಗಂಟು, ಬೀಡಿ ಕಟ್ಟಿನ ಕಾಗದದಲ್ಲಿ ಸುತ್ತಿದ ಮಾತ್ರೆ ತಂದವರನ್ನೆಲ್ಲ ನಾನು ಹಾಗೇ ನೋಡಿದ್ದೇನೆ. ನಾನೂ ನರ್ಸು ಎಂದು ಹೇಳಿಕೊಳ್ಳಲು ಬಾಯಿ ಬರಲಿಲ್ಲ. ನನ್ನ ಚೀಲದಲ್ಲಿದ್ದ ಚೀಟಿಯ ಪ್ರತಿ ಕೊಟ್ಟೆ. ಅದನ್ನು ಓದಿ ಅವರು ಮುಖ ಸಡಿಲಿಸಿ, ಇದು ಇದ್ದದ್ದು ಒಳ್ಳೆಯದಾಯಿತು ಎಂದರು. ಡಾಕ್ಟರು ಬಂದು ಮರುದಿನದವರೆಗೆ ಇರಲಿ ಎಂದರು. ದಾಖಲು ಮಾಡಿಕೊಳ್ಳಲು ಪಾಸ್‌ಪೋರ್ಟು ಕೇಳಿದರು. ಪಾಸ್‌ಪೋರ್ಟು ಭಾವನವರ ಹೊಟ್ಟೆಗೆ ಕಟ್ಟಿದ ಚೀಲದಲ್ಲಿತ್ತು, ಭಾವನವರ ಹೊಟ್ಟೆ ಎಲ್ಲಿತ್ತೋ ಗೊತ್ತಿರಲಿಲ್ಲ. ನಕಲು ಕೊಟ್ಟೆ. ಸದ್ಯಕ್ಕೆ ಇದಾಗುತ್ತದೆ, ಅಸಲು ಆಮೇಲೆ ತನ್ನಿ ಎಂದರು.

ಸ್ತೂಪದಲ್ಲಿ ಉಳಿದಿದ್ದವರನ್ನೂ ವ್ಯಾನಿಗೆ ಹತ್ತಿಸಿಕೊಂಡು ಭಾವನವರು ಬಂದಾಗ ಮಧ್ಯಾಹ್ನದ ಊಟದ ಹೊತ್ತು. ಕೈಯಲ್ಲಿ ಮರದ ಮುಖವಾಡ, ಕೆಂಪು ನಾಲಗೆ ಚಾಚಿಕೊಂಡದ್ದು. ಅದನ್ನು ಕಂಕುಳಲ್ಲಿ ಇರುಕಿಕೊಂಡೇ ವಾರ್ಡಿಗೆ ಬಂದು ಮಂಚದ ಪಕ್ಕ ನಿಂತರು. ಚಿಕ್ಕವ್ವ ನಿದ್ದೆಯಲ್ಲಿದ್ದರು. ಡ್ರಿಪ್ಪಿನ ಬಾಟಲನ್ನೂ ಮುದುಕಿಯನ್ನೂ ನೋಡಿದರು. ಹೆದರಿದ್ದರು, ಅದು ಕಾಣುತ್ತಿತ್ತು. ಒಂದು ಕ್ಷಣ ಏನಾದರೂ ಮನುಷ್ಯರ ಮಾತು ಬರಬಹುದು ಎಂದುಕೊಂಡೆ.

“ವಯಸ್ಸಾದೋರ್ನ ಕರ್ಕಂಡ್ ಬರಬಾರ್ದು ಅಂತ ಒಂದ್ ಸೂಚನೆ ಸೇರಿಸ್ಬೇಕಿತ್ತು,” ಎಂದರು.

ನಾನು ನಿವೃತ್ತಿಯಾಗುವ ತನಕ ವಾರ್ಡಿನಲ್ಲಿ ದನಿ ಏರಿಸಿದವಳಲ್ಲ. ಅವತ್ತೂ ಏರಿಸಲಿಲ್ಲ. ಡಬ್ಬಿಯನ್ನು ಅವರ ಕೈಗೆ ಕೊಟ್ಟು, ಇದರಲ್ಲಿ ಸಕ್ಕರೆ ಮಾತ್ರೆ ಯಾವುದು, ಬಿಪಿ ಮಾತ್ರೆ ಯಾವುದು ಆರಿಸಿಕೊಡಿ ಭಾವ ಎಂದೆ. ಡಬ್ಬಿ ಅಲ್ಲಾಡಿಸಿ ನೋಡಿದರು. ಎಲ್ಲ ಒಂದೇ ಥರ ಕಾಣ್ತವಲ್ಲ ಎಂದರು. ಹೌದು, ಚಿಕ್ಕವ್ವನಿಗೂ ಒಂದೇ ಥರ ಕಂಡವು ಎಂದೆ.

ಅಷ್ಟರಲ್ಲಿ ಅಕ್ಕ ಎದ್ದು ಬಂದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಗಂಡನ ಮಾತಿಗೆ ಎದುರಾಡಿದ್ದನ್ನು ನಾನು ನೋಡಿರಲಿಲ್ಲ. ಎದುರಾಡಿದಳು ಎಂದೂ ಹೇಳಲಾಗದು.

“ಬ್ಯಾಗ್ ಬಿಚ್ಚಿ ಕೊಡಿ,” ಎಂದಳು.

“ಯಾಕೆ?”

“ಕೊಡಿ ಅಂದೆ.”

ಕೊಟ್ಟರು. ಅವಳು ಜಿಪ್ ಎಳೆದು, ಪಾಸ್‌ಪೋರ್ಟುಗಳನ್ನು ತೆಗೆದು, ಒಂದೊಂದರ ಫೋಟೊ ನೋಡಿ ಅವರವರ ಕೈಗೆ ಹಂಚಿದಳು. ಹೆಂಗಸರೆಲ್ಲ ಗೋಡೆಯ ಕಡೆ ತಿರುಗಿ ರವಿಕೆಯ ಒಳಜೇಬಿಗೆ ಸೇರಿಸಿ ಗುಂಡಿ ಹಾಕಿಕೊಂಡರು, ನನ್ನದು ಮೊದಲಿಂದಲೂ ಅಲ್ಲೇ ಇತ್ತು. ಚಿಕ್ಕವ್ವನದನ್ನು ತಾನೇ ಹಿಡಿದುಕೊಂಡು ದಾಖಲಾತಿಯ ಕೋಣೆಗೆ ಹೋದಳು. ಭಾವನವರ ಕೈಗೆ ಅವರದೊಂದು ಪಾಸ್‌ಪೋರ್ಟು, ಖಾಲಿ ಬ್ಯಾಗು ವಾಪಸು ಬಂತು. ಅದನ್ನೇ ಮತ್ತೆ ಹೊಟ್ಟೆಗೆ ಕಟ್ಟಿಕೊಂಡರು.

ಮರುದಿನ ಚಿಕ್ಕವ್ವ ಎದ್ದು ಕೂತು ಆಸ್ಪತ್ರೆಯ ಗಂಜಿ ಚೆನ್ನಾಗಿದೆ ಎಂದರು. ಬಿಟ್ಟು ಕಳಿಸುವಾಗ ಆ ನರ್ಸ್ ಅಲ್ಲಿನ ಔಷಧಿ ಅಂಗಡಿಯಿಂದಲೇ ಹೊಸ ಮಾತ್ರೆ ತರಿಸಿ, ಎರಡು ಬೇರೆ ಬೇರೆ ಲಕೋಟೆಗೆ ಹಾಕಿ, ಒಂದರ ಮೇಲೆ ಸೂರ್ಯನನ್ನು ಬರೆದರು. ನಾನು ಹೇಳಿಕೊಟ್ಟದ್ದಲ್ಲ. ಇನ್ನೊಂದರ ಮೇಲೆ ಚಂದ್ರ. ಆಗ ನಾನು, ನಾನೂ ನಿಮ್ಮದೇ ಕೆಲಸದವಳು ಎಂದು ಹೇಳಿದೆ. ನಿನ್ನೆಯೇ ಗೊತ್ತಾಯಿತು, ನಾಡಿ ಹಿಡಿದ ರೀತಿಯಲ್ಲಿ ಎಂದರು. ಮತ್ತೇನೂ ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೆ ನನಗೆ ಇನ್ನೂ ನಾಚಿಕೆಯಾಯಿತು.

ಸಂಜೆ ಬಿಸಿಲು ಇಳಿದ ಮೇಲೆ ಚಿಕ್ಕವ್ವನಿಗೆ ಹೊಟ್ಟೆ ತುಂಬಾ ಉಣಿಸಿ, ಗಾಲಿಕುರ್ಚಿಯಲ್ಲಿ ಕೂರಿಸಿ ಮರದ ಹತ್ತಿರ ಕರೆದುಕೊಂಡು ಹೋದೆವು. ದೊಡ್ಡ ಮರ ಇರಬಹುದು ಎಂದು ಅವರು ಅಂದುಕೊಂಡಿದ್ದರು. ಕಟ್ಟೆಯ ಮೇಲೆ, ಬೇಲಿಯೊಳಗೆ, ಚಿನ್ನದ ಬಣ್ಣದ ಊರುಗೋಲುಗಳ ಮೇಲೆ ಕೊಂಬೆ ಒರಗಿಸಿಕೊಂಡು ಅದು ನಿಂತಿತ್ತು. ಬಹಳ ಹೊತ್ತು ಕೈ ಮುಗಿದುಕೊಂಡಿದ್ದರು. “ನನ್ನಂಗೇ ಅದೂ ಊರ್ಕಂಡ್ ನಿಂತದೆ ಕಣವ್ವ,” ಎಂದರು. ಎಲೆ ಕೀಳಬಾರದು, ಬಿದ್ದದ್ದನ್ನು ಆಯ್ದುಕೊಳ್ಳಬಹುದು ಎಂದು ಯಾರೋ ಹೇಳಿದರು. ಅವರಿಗೆ ಒಂದೂ ಸಿಗಲಿಲ್ಲ, ನಮಗಿಂತ ಮೊದಲು ಬಂದವರು ಆಯ್ದುಕೊಂಡಿದ್ದರು. ಹೋಗಲಿ ಬುಡು ಎಂದರು.

ಊರಿಗೆ ಬಂದ ಮೇಲೆ ಭಾವನವರು ಎಲ್ಲರಿಗೂ ಆ ಕತೆ ಹೇಳಿದರು. ಅವರ ಕತೆಯಲ್ಲಿ ಹತ್ತು ನಿಮಿಷದಲ್ಲಿ ಆಂಬುಲೆನ್ಸ್ ತರಿಸಿದವರು ಅವರೇ, ಡಾಕ್ಟರ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡಿದವರೂ ಅವರೇ. ನನಗೆ ಸಿಟ್ಟು ಬರಲಿಲ್ಲ. ಆ ಮನುಷ್ಯನ ಮೇಲೆ ಖರ್ಚು ಮಾಡುವಷ್ಟು ಸಿಟ್ಟು ನನ್ನ ಹತ್ತಿರ ಉಳಿದಿರಲಿಲ್ಲ. ಹೆಮ್ಮಿಗೆಯಲ್ಲಿ ಒಂದು ನಾಮಕರಣದ ಊಟದಲ್ಲಿ ಚಿಕ್ಕವ್ವನ ಎದುರಿಗೇ ಅದನ್ನು ಶುರುಮಾಡಿದರು. ಚಿಕ್ಕವ್ವ ಎಲೆಯ ಮುಂದೆ ಕೂತು ಕೇಳಿಸಿಕೊಂಡು, ಮಜ್ಜಿಗೆಗೆ ಕೈಚಾಚುತ್ತಾ, “ಅವತ್ತು ನೀನ್ ಎಲ್ಲಿದ್ದೆ ಅಳಿಯ? ನಾನ್ ಕಾಣ್ನಿಲ್ವಲ್ಲ,” ಎಂದರು. ಜಗಳದ ದನಿ ಅಲ್ಲ, ನಿಜವಾಗಿ ಕೇಳಿದ್ದು. ಭಾವನವರು ನೆಟ್‌ವರ್ಕ್ ಇರಲಿಲ್ಲ ಎಂದು ಏನೋ ಹೇಳಿ ಬೇರೆ ಪಂಕ್ತಿಯ ಕಡೆ ಹೋದರು.

ಮೊನ್ನೆ ನರಸೀಪುರದಲ್ಲಿ ನಮ್ಮ ಬೀದಿಯ ಗಂಡ ಹೆಂಡತಿ ಮನೆಗೆ ಬಂದಿದ್ದರು. ಬನ್ನೂರಿನಲ್ಲಿ ಅವರದು ರಸಗೊಬ್ಬರದ ಅಂಗಡಿ. ಮಲೇಷ್ಯಾಕ್ಕೆ ಹೋಗುತ್ತಾರಂತೆ, ಮೊದಲ ಸಲ. ಹೋಗಿಬಂದವರು ನೀವು, ಏನಾದರೂ ಹೇಳಿ ಎಂದರು. ಅರ್ಧ ಗಂಟೆ ಹೇಳಿದೆ. ಟಿಕೆಟಿನ ಹೆಸರನ್ನು ಪಾಸ್‌ಪೋರ್ಟಿನ ಜೊತೆ ಅಕ್ಷರ ಹಿಡಿದು ಹೋಲಿಸಿ. ನಿಯಮಗಳನ್ನು ಆ ದೇಶದ ಸರ್ಕಾರದ ಜಾಲತಾಣದಲ್ಲೇ ನೋಡಿ, ಅದೇ ಹೆಸರಿನ ಕಳ್ಳ ಜಾಲತಾಣಗಳೂ ಇರುತ್ತವೆ. ನಕಲು ಬೇರೆ ಚೀಲದಲ್ಲಿಡಿ, ಒಂದು ಮನೆಯಲ್ಲಿ ಬಿಟ್ಟುಹೋಗಿ. ಇನ್ಶೂರೆನ್ಸ್ ಮಾಡಿಸಿ. ಅಲ್ಲಿರುವ ನಮ್ಮ ದೇಶದ ಕಚೇರಿಯ ಫೋನ್ ನಂಬರು ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ಫೋನು ಕಳೆದುಹೋದರೆ ಅದರೊಳಗಿನ ನಂಬರೂ ಹೋಗುತ್ತದೆ. ಗಂಡ ಅಷ್ಟು ಹೊತ್ತೂ ಮೊಬೈಲು ಉಜ್ಜುತ್ತಾ ಹೂಂ ಹೂಂ ಎನ್ನುತ್ತಿದ್ದ. ಮುಗಿದ ಮೇಲೆ ತಲೆ ಎತ್ತಿ, “ಅಲ್ಲಿ ಚಿನ್ನ ಅಗ್ಗನಾ ಮೇಡಂ?” ಎಂದ. ಗೊತ್ತಿಲ್ಲ ಎಂದು ಎದ್ದೆ.

ಗೇಟಿನವರೆಗೆ ಹೋದವರಲ್ಲಿ ಹೆಂಡತಿ ಒಬ್ಬಳೇ ತಿರುಗಿ ಬಂದಳು. ತನಗೆ ಥೈರಾಯ್ಡ್ ಮಾತ್ರೆ ಇದೆ, ಚೀಟಿ ಹಳೆಯದಾಗಿ ಅಕ್ಷರ ಅಳಿಸಿಹೋಗಿದೆ, ಅದನ್ನೇ ಒಯ್ದರೆ ಆಗುತ್ತದೆಯೇ ಎಂದು ಮೆಲ್ಲಗೆ ಕೇಳಿದಳು. ಆಗುವುದಿಲ್ಲ, ಹೊಸದಾಗಿ ಬರೆಸಬೇಕು, ಮಾತ್ರೆಯ ಹೆಸರು ಪೂರ್ತಿ ಇರಬೇಕು ಎಂದೆ. ಹೊರಗೆ ಗಂಡ ಸ್ಕೂಟರ್ ಶುರುಮಾಡಿಕೊಂಡು ಹಾರ್ನ್ ಒತ್ತುತ್ತಿದ್ದ. ಒತ್ತಿಕೊಳ್ಳಲಿ ಬಿಡಿ ಎಂದು ಅವಳನ್ನು ಒಳಗೆ ಕೂರಿಸಿ, ಪೆನ್ನು ಕಾಗದ ತೆಗೆದುಕೊಟ್ಟು, ಮೊದಲಿಂದ ಮತ್ತೆ ಹೇಳಿದೆ. ಅವಳು ಬರೆದುಕೊಂಡಳು.